ಪವನಾ ಹಿನ್ನೀರಿನಲ್ಲಿ ಕಯಾಕ್: ಗಾಳಿ ಏಳುವ ಮೊದಲು

ಬೇಸಿಗೆಯಲ್ಲಿ ಪುಣೆ ಬಳಿಯ ಪವನಾ ಜಲಾಶಯದಲ್ಲಿ ಕಯಾಕ್ ಎಂಬ ಕಿರಿದಾದ ಹುಟ್ಟುದೋಣಿ ನಡೆಸಲು ಹೋಗುವಾಗ ನಾನು ಮೊದಲು ಲೆಕ್ಕ ಹಾಕುವುದು ಗಾಳಿಯನ್ನು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಗಿನ ನೀರು ಅಲುಗಾಡದೆ ಇರುತ್ತದೆ. ನೆಲ ಕಾಯುತ್ತಿದ್ದಂತೆ ಕೊಂಕಣದ ಕಡೆಯಿಂದ ಪಡುವಣ ಗಾಳಿ ಘಟ್ಟ ಹತ್ತಿ ಬಂದು, ಮಧ್ಯಾಹ್ನದ ಹೊತ್ತಿಗೆ ಅದೇ ನೀರಿನಲ್ಲಿ ಅಲೆಗಳನ್ನು ಎಬ್ಬಿಸುತ್ತದೆ. ಆದ್ದರಿಂದ ಪುಣೆಯಲ್ಲಿ ನೆಲೆಸಿರುವ ಧಾರವಾಡದ ಕಡೆಯ ನಾವು ಕೆಲವರು ಕತ್ತಲಿರುವಾಗಲೇ ಮನೆ ಬಿಟ್ಟು, ಬಿಸಿಲೇರುವ ಮುನ್ನ ನೀರಿಗಿಳಿದು, ಪಶ್ಚಿಮಕ್ಕೆ ತುಂಗ್ ಕೋಟೆಯ ದಿಕ್ಕು ಹಿಡಿಯುತ್ತೇವೆ. ದಣಿದು ಮರಳುವಾಗ ಗಾಳಿ ಬೆನ್ನಿಗಿರಬೇಕು.

ಲೈಫ್ ಜಾಕೆಟ್ ತೊಟ್ಟವರ ಭುಜಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡುತ್ತೇನೆ. ಅದು ಗಲ್ಲದವರೆಗೆ ಜಾರಿದರೆ ಪಟ್ಟಿಗಳನ್ನು ಮತ್ತೆ ಬಿಗಿಯಬೇಕು.

ಕಯಾಕ್‌ನ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು ಇರುತ್ತದೆ. ಅಲಗನ್ನು ಪಾದದ ಸಮೀಪ ನೀರಿಗಿಳಿಸಿ, ಮೈಯನ್ನು ತಿರುಗಿಸುತ್ತ ಹಿಂದಕ್ಕೆಳೆದು, ಸೊಂಟದ ಬಳಿ ಬಂದೊಡನೆ ಮೇಲೆತ್ತಬೇಕು. ಬರೀ ತೋಳಿನಿಂದ ಎಳೆಯುವವರ ಭುಜ ಬೇಗ ಸೋಲುತ್ತದೆ. ಹೊಸದಾಗಿ ಬಂದ ಅಕ್ಕನ ಮಗಳಿಗೆ, ಕಡಗೋಲಿನ ಹಗ್ಗ ಜಗ್ಗುವಾಗ ಅಜ್ಜಿಯ ಮೈ ಎಡಬಲಕ್ಕೆ ತಿರುಗುತ್ತಿದ್ದುದನ್ನು ನೆನಪಿಸಿದೆ. ಆ ಬಳಿಕ ಅವಳ ದೋಣಿ ನೇರವಾಗಿ ಸಾಗಿತು.

ಅಡ್ಡಗಾಳಿ ಇನ್ನೊಂದು ಪಾಠ ಕಲಿಸುತ್ತದೆ. ಸಾಗುವ ಕಯಾಕ್‌ನ ಮುಂಭಾಗವನ್ನು ನೀರು ಒತ್ತಿ ಹಿಡಿದಿರುತ್ತದೆ, ಹಿಂಭಾಗಕ್ಕೆ ಅಷ್ಟು ಹಿಡಿತ ಇರುವುದಿಲ್ಲ; ಗಾಳಿ ಆ ಹಿಂಭಾಗವನ್ನು ತಳ್ಳುವುದರಿಂದ ಮೂತಿ ತಾನಾಗಿಯೇ ಗಾಳಿಯ ಕಡೆಗೆ ಹೊರಳುತ್ತದೆ. ಆಗ ಗಾಳಿ ಬರುವ ಬದಿಯಲ್ಲಿಯೇ ಹುಟ್ಟನ್ನು ದೂರ ಚಾಚಿ, ಮುಂದಿನಿಂದ ಹಿಂದಿನವರೆಗೆ ಅಗಲವಾದ ಕಮಾನಿನಂತೆ ಬಳಸಿ ಎಳೆದರೆ ದೋಣಿ ದಾರಿಗೆ ಬರುತ್ತದೆ. ಇದನ್ನು ಶಾಂತ ನೀರಿನಲ್ಲಿಯೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಬೇಸಿಗೆಯಲ್ಲಿ ನೀರು ಇಳಿಯುವುದರಿಂದ ವರ್ಷದ ಬಹುಪಾಲು ಮುಳುಗಿರುವ ವಾಘೇಶ್ವರ ದೇಗುಲದ ಕಲ್ಲುಗಳು ಹೊರಗೆ ಕಾಣುತ್ತವೆ, ನೋಡಲೇಬೇಕಾದ ಜಾಗವದು. ಆದರೆ ದಡದ ಸಮೀಪ ಬಂಡೆಗಳೂ ಮರದ ಬುಡಗಳೂ ನೀರಿನ ಮಟ್ಟಕ್ಕೆ ಬಂದಿರುವುದರಿಂದ ಅಲ್ಲಿ ನಿಧಾನವಾಗಿ ಸಾಗಬೇಕು, ಕೆಸರಿಗೆ ಇಳಿಯುವ ಮುನ್ನ ಹುಟ್ಟಿನಿಂದ ಆಳ ಅಳೆಯಬೇಕು. ಪಿಂಪ್ರಿ-ಚಿಂಚ್‌ವಡದ ಮನೆಗಳು ಕುಡಿಯುವುದು ಈ ನೀರನ್ನೇ. ನಮ್ಮ ಬುತ್ತಿಯ ಕಾಗದ, ಹಣ್ಣಿನ ಸಿಪ್ಪೆಗಳೆಲ್ಲ ಚೀಲದಲ್ಲಿಯೇ ಊರಿಗೆ ಮರಳುತ್ತವೆ.

ಮೇ ತಿಂಗಳಿನಲ್ಲಿ ಮಧ್ಯಾಹ್ನದ ಮೋಡ ಬೇಗ ಕಟ್ಟುತ್ತದೆ. ಗುಡುಗು ಕೇಳಿದ ಕ್ಷಣವೇ ಹತ್ತಿರದ ದಡ ಸೇರಬೇಕು. ಹೊರಟ ಜಾಗಕ್ಕೇ ಮುಟ್ಟಬೇಕೆಂಬ ಹಟ ಬೇಡ. ದೋಣಿಯನ್ನು ನೀರಿನಿಂದ ದೂರ ಎಳೆದಿಟ್ಟು, ಮಳೆ ನಿಂತ ಮೇಲೆ ತರಬಹುದು.