ಸರ್ವೆಗೆ ಹೊರಡುವ ಮುನ್ನ ಈ ಪದಗಳು ಗೊತ್ತಿರಲಿ

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಶಿವಮೊಗ್ಗದ ಯಾವುದೋ ಕಾಲೇಜಿನಲ್ಲೋ ಪ್ರಾಜೆಕ್ಟ್ ಮಾಡುವ ಹೆಚ್ಚಿನವರು ಮೊದಲು ಪ್ರಶ್ನೆ ಬರೆಯಲು ಕೂರುತ್ತಾರೆ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸವಿದೆ. ಒಂದು ವಿಷಯ ಹಿಡಿದೇ ನೋಡೋಣ: ಎಲೆಚುಕ್ಕಿ ರೋಗದಿಂದ ಫಸಲು ಕಳೆದುಕೊಂಡ ಅಡಿಕೆ ಬೆಳೆಗಾರರಿಗೆ ನಿದ್ದೆ ಕೆಡುತ್ತದೆಯೇ?

ಮೊದಲು ಚರಾಂಶ ಗುರುತಿಸಿ. ಒಬ್ಬರಿಂದ ಒಬ್ಬರಿಗೆ ಬದಲಾಗುವ ಸಂಗತಿಯೇ ಚರಾಂಶ. ಇಲ್ಲಿ ಪರಿಣಾಮ ಬೀರುತ್ತದೆ ಎಂದು ನಾವು ಊಹಿಸುವ ಬೆಳೆ ನಷ್ಟ ಸ್ವತಂತ್ರ ಚರಾಂಶ, ಅದರಿಂದ ಬದಲಾಗುತ್ತದೆ ಎಂದುಕೊಂಡ ನಿದ್ದೆ ಅವಲಂಬಿತ ಚರಾಂಶ. 'ನಷ್ಟ ಹೆಚ್ಚಿದಷ್ಟೂ ನಿದ್ದೆ ಕಡಿಮೆ' ಎಂದು ಮೊದಲೇ ಬರೆದಿಡಿ. ಇದು ಪ್ರಾಕ್ಕಲ್ಪನೆ, ಅಂದರೆ ಪರೀಕ್ಷಿಸಿ ನೋಡಬೇಕಾದ ಊಹೆ. ಅದು ಸುಳ್ಳಾಗಲು ದಾರಿ ಇರಲೇಬೇಕು.

ಮುಂದಿನದು ಕಾರ್ಯಾತ್ಮಕ ವ್ಯಾಖ್ಯೆ, ಅಂದರೆ ಚರಾಂಶವನ್ನು ಹೇಗೆ ಅಳೆಯುತ್ತೀರಿ ಎಂದು ಖಚಿತವಾಗಿ ಹೇಳುವುದು. ನನ್ನ ಪ್ರಕಾರ ಇಡೀ ಸಂಶೋಧನೆ ನಿಲ್ಲುವುದೇ ಇದರ ಮೇಲೆ. 'ನಿದ್ದೆ ಕೆಟ್ಟಿದೆ' ಎಂದು ಸುಮ್ನೆ ಬರೆದರೆ ಅಳೆಯುವುದು ಹೇಗೆ? 'ಮಲಗಿ ಅರ್ಧ ಗಂಟೆಯಾದರೂ ನಿದ್ದೆ ಹತ್ತದ ರಾತ್ರಿಗಳು ವಾರಕ್ಕೆ ಎಷ್ಟು' ಎಂದು ಬರೆಯಿರಿ. ನಷ್ಟವನ್ನೂ ಹಾಗೆಯೇ ಕ್ವಿಂಟಲ್ ಲೆಕ್ಕದಲ್ಲಿ ಹೇಳಿ.

ಈಗ ಪ್ರಶ್ನಾವಳಿ. 'ಪೂರ್ತಿ ಒಪ್ಪುತ್ತೇನೆ'ಯಿಂದ 'ಸ್ವಲ್ಪವೂ ಒಪ್ಪುವುದಿಲ್ಲ'ದವರೆಗೆ ಐದು ಹಂತದ ಉತ್ತರ ನೋಡಿರುತ್ತೀರಿ. ಅದು 1932ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲೈಕರ್ಟ್ ರೂಪಿಸಿದ ಅಳತೆ. ಎರಡು ವಾರ ಬಿಟ್ಟು ಕೇಳಿದರೂ ಹೆಚ್ಚುಕಡಿಮೆ ಅದೇ ಉತ್ತರ ಬಂದರೆ ವಿಶ್ವಾಸಾರ್ಹತೆ ಇದೆ. ಅಳೆಯಬೇಕಾದದ್ದನ್ನೇ ಅಳೆದರೆ ಸಿಂಧುತ್ವ ಇದೆ. ಎರಡೂ ಬೇರೆ ಬೇರೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುತ್ತಾ ಮನೆಯವರೆಲ್ಲ ತಡರಾತ್ರಿಯವರೆಗೆ ಕೂತಿರುತ್ತಾರೆ. ಆಗ 'ಎಷ್ಟು ಗಂಟೆ ಮಲಗುತ್ತೀರಿ' ಎಂದು ಎಷ್ಟು ಸಲ ಕೇಳಿದರೂ ಉತ್ತರ ಒಂದೇ. ಆದರೆ ಅದು ಚಿಂತೆಯ ಅಳತೆಯಲ್ಲ, ಕೆಲಸದ ಅಳತೆ.

ಯಾರನ್ನು ಕೇಳಬೇಕು? ಶಿವಮೊಗ್ಗದ ಎಪಿಎಂಸಿಗೆ ಹೋದರೆ ಜನ ಸುಲಭವಾಗಿ ಸಿಗುತ್ತಾರೆ. ಇದು ಅನುಕೂಲದ ಮಾದರಿ. ಅಲ್ಲಿಗೆ ಬರುವವರು ಮಾರಲು ಅಡಿಕೆ ಇರುವವರು, ಅಲ್ವಾ? ಪೂರ್ತಿ ಕಳೆದುಕೊಂಡವರು ನಿಮ್ಮ ಲೆಕ್ಕಕ್ಕೇ ಬರುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಬೆಳೆಗಾರರ ಪಟ್ಟಿ ಹಿಡಿದು ಚೀಟಿ ಎತ್ತಿ ಆರಿಸಿದರೆ ಅದು ಯಾದೃಚ್ಛಿಕ ಮಾದರಿ. ಓಡಾಟ ಜಾಸ್ತಿ, ಆದರೂ ಮಾಡಿ.

ಪ್ರಶ್ನೆ ಕೇಳುವ ಮೊದಲು ಉದ್ದೇಶ ಹೇಳಿ, ಒಪ್ಪಿಗೆ ಪಡೆಯಿರಿ. ನೊಂದವರಿಗೆ 'ಬೇಡ' ಎನ್ನುವ ಹಕ್ಕಿದೆ.

ಕೊನೆಗೆ ಸಹಸಂಬಂಧ, ಅಂದರೆ ಎರಡು ಚರಾಂಶಗಳು ಒಟ್ಟೊಟ್ಟಿಗೆ ಬದಲಾಗುವುದು. ನಷ್ಟ ಹೆಚ್ಚಿದ ಮನೆಗಳಲ್ಲಿ ನಿದ್ದೆ ಕಡಿಮೆ ಎಂದು ಕಂಡರೂ ನಷ್ಟವೇ ಕಾರಣ ಎಂದು ಬರೆಯಬೇಡಿ. ಹಳೆಯ ಸಾಲ ಇದ್ದವರಿಗೆ ಔಷಧಿ ಹೊಡೆಸಲು ದುಡ್ಡಿಲ್ಲದೆ ಬೆಳೆಯೂ ಹೋಗಿರಬಹುದು, ಸಾಲದ ಚಿಂತೆಗೆ ನಿದ್ದೆಯೂ ಹೋಗಿರಬಹುದು. ಹಾಗಾಗಿ ಸಾಲದ ಪ್ರಶ್ನೆಯನ್ನು ಮೊದಲೇ ಪ್ರಶ್ನಾವಳಿಗೆ ಸೇರಿಸಿ.