ಆರ್ಕಿಡ್ ಬೇರಿಗೆ ಬೇಕಿರುವುದು ಗಾಳಿ: ಕುಂಡ ಬದಲಿಸುವುದು ಹೇಗೆ?

ಸೊರಗಿದ ಆರ್ಕಿಡ್ ಗಿಡವನ್ನು ಕುಂಡದಿಂದ ಹೊರತೆಗೆದರೆ ಹೆಚ್ಚಿನ ಸಲ ಕಾಣುವುದು ಕಂದು ಬಣ್ಣಕ್ಕೆ ತಿರುಗಿ, ಒತ್ತಿದರೆ ನೀರು ಒಸರುವ ಟೊಳ್ಳು ಬೇರುಗಳು. ಎಲೆ ಬಾಡಿದ್ದು ಕಂಡು, ನೀರು ಸಾಲದೇನೋ ಎಂದು ಇನ್ನಷ್ಟು ಹೊಯ್ದಿರುತ್ತೇವೆ. ಬೇರೇ ಕೊಳೆತು ಹೋದ ಗಿಡ ಆ ನೀರನ್ನು ಹೀರುವುದಾದರೂ ಹೇಗೆ? ನನ್ನ ಮೊದಲ ಆರ್ಕಿಡ್ ಹೋಗಿದ್ದು ಹೀಗೆಯೇ. ಉಳಿದ ಗಿಡಗಳಿಗೆ ಕೊಟ್ಟಂತೆ ಅದಕ್ಕೂ ಮಣ್ಣು, ಗೊಬ್ಬರ ತುಂಬಿದ ಕುಂಡ ಕೊಟ್ಟಿದ್ದೆ. ಎರಡೇ ತಿಂಗಳಲ್ಲಿ ಬೇರು ಉಸಿರುಗಟ್ಟಿ ಕೊಳೆಯಿತು.

ಮನೆಗಳಲ್ಲಿ ಹೆಚ್ಚಾಗಿ ಕಾಣುವ ಆರ್ಕಿಡ್ ಫೆಲನಾಪ್ಸಿಸ್. ಪತಂಗದ ರೆಕ್ಕೆಯಂಥ ಎಸಳಿರುವುದರಿಂದ ಆ ಅರ್ಥದ ಗ್ರೀಕ್ ಮಾತಿನಿಂದಲೇ 1825ರಲ್ಲಿ ಬ್ಲೂಮ್ ಎಂಬ ಸಸ್ಯಶಾಸ್ತ್ರಜ್ಞ ಅದಕ್ಕೆ ಈ ಹೆಸರಿಟ್ಟ. ನಮ್ಮ ಸೀತಾಳೆಯ ಹಾಗೆ ಇದೂ ಮರದ ಮೇಲೆ ಬೆಳೆಯುವ ಗಿಡ. ಮರದಿಂದ ಆಹಾರ ಕದಿಯುವುದಿಲ್ಲ, ತೊಗಟೆಯನ್ನು ತಬ್ಬಿಕೊಂಡು ನಿಲ್ಲುತ್ತದೆ, ಅಷ್ಟೆ. ಮಳೆ ಬಂದಾಗ ಅದರ ಬೇರು ತೊಯ್ಯುತ್ತದೆ, ನಿಂತ ಮೇಲೆ ಗಾಳಿಗೆ ಒಣಗುತ್ತದೆ. ಆ ಬೇರಿನ ಸುತ್ತ ವೆಲಮೆನ್ ಎಂಬ ಸ್ಪಂಜಿನಂಥ ಹೊದಿಕೆಯಿದೆ. ಒಣಗಿದಾಗ ಅದರೊಳಗೆ ಗಾಳಿ ತುಂಬಿ ಬೇರು ಬೆಳ್ಳಿಯಂತೆ ಬಿಳಿಚಿಕೊಳ್ಳುತ್ತದೆ. ನೀರು ಹೀರಿದೊಡನೆ ಹೊದಿಕೆ ಪಾರದರ್ಶಕವಾಗಿ ಒಳಗಿನ ಹಸಿರು ಕಾಣುತ್ತದೆ. ಈ ಬಣ್ಣ ಓದಲು ಬಂದರೆ ಆರ್ಕಿಡ್ ಸಾಕುವುದರಲ್ಲಿ ಅರ್ಧ ಕೆಲಸ ಕಲಿತಂತೆ. ತೂತುಗಳಿರುವ ಪಾರದರ್ಶಕ ಪ್ಲಾಸ್ಟಿಕ್ ಕುಂಡವನ್ನು ನಾನು ಇಷ್ಟಪಡುವುದು ಇದೇ ಕಾರಣಕ್ಕೆ.

ಯಾವಾಗ?

ಸುಮಾರು ಎರಡು ವರ್ಷಕ್ಕೊಮ್ಮೆ. ಕುಂಡದೊಳಗಿನ ತೊಗಟೆ ಚೂರುಗಳು ಕೊಳೆತು ಪುಡಿಯಾಗಿ, ನಡುವಿನ ಗಾಳಿಯ ಸಂದುಗಳು ಮುಚ್ಚಿಹೋಗುವಷ್ಟರಲ್ಲಿ ಬದಲಿಸಬೇಕು. ಬೆರಳಲ್ಲಿ ಹಿಸುಕಿದಾಗ ಚೂರು ಪುಡಿಯಾದರೆ ಸಮಯ ಬಂದಿದೆ ಎಂದರ್ಥ. ಕುಂಡದ ಆಚೆ ಒಂದೆರಡು ಬೇರು ಚಾಚಿಕೊಂಡಿದ್ದರೆ ಗಾಬರಿ ಬೇಡ, ಅದು ಈ ಗಿಡದ ಸ್ವಭಾವ.

ಹೂವಿರುವಾಗ ಮುಟ್ಟಬೇಡಿ. ಹೂ ಮುಗಿದ ಮೇಲೆ ಹೊಸ ಬೇರಿನ ಹಸಿರು ತುದಿ ಇಣುಕುವ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಬೇರು ಕೊಳೆಯುತ್ತಿದ್ದರೆ ಮಾತ್ರ ಹೂವಿನ ಆಸೆ ಬಿಟ್ಟು ತಕ್ಷಣ ಬದಲಿಸಿ.

ಕುಂಡಕ್ಕೆ ತುಂಬುವುದು

ಮಣ್ಣು ಬೇಡವೇ ಬೇಡ. ಒಂದರಿಂದ ಎರಡು ಸೆಂಟಿಮೀಟರ್ ಗಾತ್ರದ ಮರದ ತೊಗಟೆ ಚೂರು ಮೂರು ಪಾಲು, ಇದ್ದಿಲಿನ ತುಂಡು ಒಂದು ಪಾಲು, ನಾನು ಬಳಸುವ ಮಿಶ್ರಣ ಇಷ್ಟೇ. ಒಣಗಿದ ತೊಗಟೆ ನೀರನ್ನು ಹಿಡಿದುಕೊಳ್ಳುವುದಿಲ್ಲ, ಆದ್ದರಿಂದ ಹಿಂದಿನ ರಾತ್ರಿಯೇ ನೆನೆಹಾಕಿ. ತೊಗಟೆಯ ಬದಲು ತೆಂಗಿನ ಸಿಪ್ಪೆಯ ತುಂಡು ಹಾಕುವವರು ಅದನ್ನು ಎರಡು ಮೂರು ದಿನ ನೆನೆಸಿ, ನೀರು ಬದಲಿಸುತ್ತ ಉಪ್ಪಿನಂಶ ತೆಗೆಯಬೇಕು. ಕುಂಡ ಬೇರುಗಳು ಹಿಡಿಸುವಷ್ಟಿದ್ದರೆ ಸಾಕು. ದೊಡ್ಡ ಕುಂಡದ ನಡುವಿನ ತೇವ ಬೇಗ ಆರುವುದಿಲ್ಲ, ಕೊಳೆ ಶುರುವಾಗುವುದು ಅಲ್ಲಿಂದಲೇ.

ಬಿಡಿಸಿ, ಕತ್ತರಿಸಿ, ಕೂರಿಸಿ

ಹಿಂದಿನ ದಿನ ಗಿಡಕ್ಕೆ ನೀರು ಕೊಟ್ಟಿದ್ದರೆ ಬೇರು ಮೆತ್ತಗಾಗಿ ಬಾಗುತ್ತದೆ, ಒಣ ಬೇರು ಪಟಕ್ಕನೆ ಮುರಿಯುತ್ತದೆ. ಕುಂಡವನ್ನು ಸುತ್ತಲೂ ಹಿಸುಕಿ ಗಿಡವನ್ನು ಸಡಿಲಿಸಿ, ಬುಡ ಹಿಡಿದು ನಿಧಾನವಾಗಿ ಎತ್ತಿ. ಬೇರು ಕುಂಡದ ಗೋಡೆಗೆ ಅಂಟಿದ್ದರೆ ಜಗ್ಗಬೇಡಿ. ಪ್ಲಾಸ್ಟಿಕ್ ಕುಂಡವಾದರೆ ಕತ್ತರಿಸಿಯೇ ಬಿಡಿ, ಮಣ್ಣಿನದ್ದಾದರೆ ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ಬಿಡಿಸಿ. ಹಳೆಯ ಚೂರುಗಳನ್ನೆಲ್ಲ ಉದುರಿಸಿ, ಬೇರಿನ ಗಂಟನ್ನು ನಲ್ಲಿ ನೀರಿನಡಿ ತೊಳೆಯಿರಿ. ಕೊಂಡು ತಂದ ಗಿಡಗಳಲ್ಲಿ ಬೇರುಗಳ ನಟ್ಟನಡುವೆ ಬಿಗಿಯಾಗಿ ಒತ್ತಿದ ಪಾಚಿಯ ಉಂಡೆಯೋ ಪುಟ್ಟ ಬುಟ್ಟಿಯೋ ಅಡಗಿರುವುದುಂಟು. ಹೊರಗೆಲ್ಲ ಒಣಗಿದ್ದರೂ ಅದು ಒದ್ದೆಯಾಗೇ ಇದ್ದು ಬುಡವನ್ನು ಕೊಳೆಸುತ್ತದೆ. ಹುಡುಕಿ ತೆಗೆಯಿರಿ.

ಈಗ ಕತ್ತರಿಯ ಸರದಿ. ಅದರ ಅಲಗನ್ನು ಬೆಂಕಿಯ ಜ್ವಾಲೆಗೆ ಹಿಡಿದು ಶುಚಿ ಮಾಡಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗಲೂ ಇದನ್ನು ತಪ್ಪಿಸಬೇಡಿ. ಆರ್ಕಿಡ್‌ಗೆ ತಗಲುವ ವೈರಸ್ ರೋಗಗಳು ಕತ್ತರಿಯ ಅಲಗಿನ ಮೂಲಕವೂ ದಾಟುತ್ತವೆ, ಒಮ್ಮೆ ತಗುಲಿದರೆ ಅವಕ್ಕೆ ಮದ್ದಿಲ್ಲ. ಪ್ರತಿ ಬೇರನ್ನೂ ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ, ಬಣ್ಣ ಕಂದಾಗಿದ್ದರೂ ಸರಿ, ಉಳಿಸಿ. ಹೊರಸಿಪ್ಪೆ ಜಾರಿ ಒಳಗೆ ನೂಲಿನಂಥ ಎಳೆಯೊಂದೇ ಉಳಿಯುವ ಬೇರು ಸತ್ತಿದ್ದು, ಕತ್ತರಿಸಿ. ಕತ್ತರಿಸಿದ ಜಾಗಕ್ಕೆ ದಾಲ್ಚಿನ್ನಿ ಪುಡಿ ಹಚ್ಚುವವರಿದ್ದಾರೆ. ಅದು ಒಳ್ಳೆಯ ಬೇರಿಗೂ ತಾಗಿ ಒಣಗಿಸುವುದರಿಂದ ನಾನು ಹಚ್ಚುವುದಿಲ್ಲ.

ಗಿಡದ ಕೆಳಗಿನ ಎಲೆಯ ಬುಡ ಮಿಶ್ರಣದ ಮೇಲ್ಮಟ್ಟಕ್ಕೆ ಬರುವಂತೆ ಹಿಡಿದು, ಸುತ್ತಲೂ ಚೂರುಗಳನ್ನು ಸುರಿಯುತ್ತ ಹೋಗಿ. ನಡುನಡುವೆ ಕುಂಡವನ್ನು ತಟ್ಟಿ, ಕಡ್ಡಿಯಿಂದ ಸಂದುಗಳಿಗೆ ಇಳಿಸಿ, ಆದರೆ ಅದುಮಿ ತುಂಬಬೇಡಿ. ಗಿಡ ಅಲುಗಾಡುತ್ತಿದ್ದರೆ ಹೊಸ ಬೇರಿನ ತುದಿಗಳು ಉಜ್ಜಿ ಹಾಳಾಗುತ್ತವೆ, ಆದ್ದರಿಂದ ಒಂದು ಕಡ್ಡಿ ನಿಲ್ಲಿಸಿ ಕಟ್ಟಿ. ಡೆಂಡ್ರೋಬಿಯಂ, ಕ್ಯಾಟ್ಲಿಯಾದಂಥ ಪಕ್ಕಕ್ಕೆ ಹಬ್ಬುವ ಜಾತಿಗಳಾದರೆ ಹಳೆಯ ದಂಟು ಕುಂಡದ ಅಂಚಿಗೆ, ಹೊಸ ಚಿಗುರು ನಡುವಿನ ಕಡೆಗೆ ಬರಲಿ. ಮುಂದಿನ ಎರಡು ವರ್ಷ ಹಬ್ಬಲು ಅದಕ್ಕೆ ಜಾಗ ಸಿಗುತ್ತದೆ.

ಹೆಚ್ಚು ಬೇರು ಕತ್ತರಿಸಿದ್ದರೆ ಗಾಯ ಮಾಗಲು ಮೂರು ನಾಲ್ಕು ದಿನ ನೀರು ಕೊಡಬೇಡಿ, ನೆರಳಲ್ಲಿಡಿ.

ನೀರು ಕೊಡುವ ಬಗೆ

ವಾರಕ್ಕೆ ಇಷ್ಟು ಸಲ ಎಂದು ಯಾರಾದರೂ ಲೆಕ್ಕ ಹೇಳಿದರೆ ನಂಬಬೇಡಿ. ಸೆಕೆ, ಗಾಳಿ, ಕುಂಡದ ಗಾತ್ರ, ಚೂರುಗಳ ವಯಸ್ಸು ಎಲ್ಲವೂ ಆ ಲೆಕ್ಕವನ್ನು ಕೆಡಿಸುತ್ತವೆ. ಬೇರು ಹಸಿರಾಗಿದ್ದರೆ ಸುಮ್ಮನಿರಿ. ಬೆಳ್ಳಗಾಗಿ, ಕುಂಡ ಎತ್ತಿದಾಗ ಹಗುರ ಅನಿಸಿದರೆ ನೀರು ಕೊಡಿ, ಕೊಟ್ಟಾಗ ಧಾರಾಳವಾಗಿಯೇ ಕೊಡಿ. ಕುಂಡವನ್ನು ಹತ್ತು ಹದಿನೈದು ನಿಮಿಷ ನೀರಿನ ಪಾತ್ರೆಯಲ್ಲಿಟ್ಟು ಪೂರ್ತಿ ಬಸಿಯಲು ಬಿಡಿ. ಅಡಿತಟ್ಟೆಯಲ್ಲಿ ನೀರು ನಿಲ್ಲಬಾರದು. ಕೆಲಸ ಬೆಳಿಗ್ಗೆಯೇ ಮುಗಿಸಿ. ಫೆಲನಾಪ್ಸಿಸ್‌ಗೆ ಬೆಳೆಯುವ ತುದಿ ಸಾಮಾನ್ಯವಾಗಿ ಒಂದೇ. ಎಲೆಗಳ ನಡುವಿನ ಸುಳಿಯಲ್ಲಿ ರಾತ್ರಿಯಿಡೀ ನೀರು ನಿಂತು ಆ ಸುಳಿ ಕೊಳೆತರೆ ಗಿಡ ಉಳಿಯುವುದು ಅಪರೂಪ. ಬಿದ್ದ ನೀರನ್ನು ಹತ್ತಿಯಿಂದಲೋ ಕಾಗದದಿಂದಲೋ ಒತ್ತಿ ತೆಗೆಯಿರಿ.

ಗೊಬ್ಬರಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಪೊಟ್ಟಣದ ಮೇಲೆ ಬರೆದ ಪ್ರಮಾಣದ ಕಾಲು ಭಾಗವನ್ನು ನೀರಲ್ಲಿ ಕರಗಿಸಿ, ಬೆಳವಣಿಗೆಯ ಕಾಲದಲ್ಲಿ ವಾರಕ್ಕೊಮ್ಮೆ ಕೊಡಿ. ತಿಂಗಳಿಗೊಮ್ಮೆ ಬರಿ ನೀರು ಹಾಯಿಸಿ ಲವಣ ತೊಳೆಯಿರಿ.

ಬೆಳಕಿನ ವಿಷಯವನ್ನು ಎಲೆಯೇ ಹೇಳುತ್ತದೆ. ಕಡುಹಸಿರಾಗಿ ಜೋತುಬಿದ್ದರೆ ಬೆಳಕು ಸಾಲದು, ಹಳದಿಗೆ ತಿರುಗಿದರೆ ಅಥವಾ ಕೆಂಪು ಛಾಯೆ ಬಂದರೆ ಜಾಸ್ತಿಯಾಗಿದೆ. ಎಳೆಬಿಸಿಲು ಬೀಳುವ ಪೂರ್ವದ ಕಿಟಕಿ ಚೆನ್ನ, ನಡುಮಧ್ಯಾಹ್ನದ ಬಿಸಿಲು ಎಲೆಯನ್ನು ಸುಡುತ್ತದೆ.

ಎಲೆ ಚೆನ್ನಾಗಿದ್ದೂ ಹೂ ಬಾರದಿದ್ದರೆ ಹೆಚ್ಚಾಗಿ ಕೊರತೆಯಿರುವುದು ತಂಪಿನದ್ದು. ಕೆಲವು ವಾರ ರಾತ್ರಿಯ ತಾಪಮಾನ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಫೆಲನಾಪ್ಸಿಸ್ ಹೂದಂಟು ಹೊರಡಿಸುತ್ತದೆ. ಎಳೆಯ ದಂಟನ್ನು ಬೇರೆಂದು ತಪ್ಪು ತಿಳಿಯಬೇಡಿ: ದಂಟಿನ ತುದಿ ಸ್ವಲ್ಪ ಚಪ್ಪಟೆ, ಬೇರಿನ ತುದಿ ದುಂಡಗೆ ನುಣುಪಾಗಿರುತ್ತದೆ. ದಂಟು ಬೆಳಕಿನತ್ತ ವಾಲುತ್ತ ಬೆಳೆಯುವುದರಿಂದ ಆಮೇಲೆ ಕುಂಡವನ್ನು ತಿರುಗಿಸಬೇಡಿ. ಮಾಗುತ್ತಿರುವ ಹಣ್ಣುಗಳ ಬುಟ್ಟಿಯನ್ನೂ ದೂರವಿಡಿ. ಹಣ್ಣು ಬಿಡುವ ಎಥಿಲೀನ್ ಅನಿಲ ತಾಗಿದರೆ ಅರಳುವ ಮೊದಲೇ ಮೊಗ್ಗುಗಳು ಹಳದಿಯಾಗಿ ಉದುರುತ್ತವೆ.