ಅಮೆರಿಕದ ರೆಸಿಡೆನ್ಸಿ: ನೆಮ್ಮದಿ ಇರುವ, ನಮಗೆ ಸಿಗುವ ಸ್ಪೆಷಾಲಿಟಿ ಯಾವುದು?

ಊರಲ್ಲಿ ನೀಟ್ ಪಿಜಿ ರ‍್ಯಾಂಕ್ ಬಂದ ದಿನ ಎಲ್ಲರ ಬಾಯಲ್ಲೂ ರೇಡಿಯಾಲಜಿ, ಡರ್ಮಟಾಲಜಿ. ಅದೇ ಲೆಕ್ಕಾಚಾರ ಅಮೆರಿಕದ ರೆಸಿಡೆನ್ಸಿಯಲ್ಲಿ, ಅಂದರೆ ಎಂಬಿಬಿಎಸ್ ನಂತರದ ಸ್ಪೆಷಾಲಿಟಿ ತರಬೇತಿಯಲ್ಲಿ, ನಡೆಯುವುದಿಲ್ಲ. ಇಲ್ಲಿ ರ‍್ಯಾಂಕ್ ನೋಡಿ ಸೀಟು ಹಂಚುವವರು ಯಾರೂ ಇಲ್ಲ. ಸೆಪ್ಟೆಂಬರ್‌ನಲ್ಲಿ ನೀವು ಅರ್ಜಿ ಹಾಕುತ್ತೀರಿ, ಪ್ರೋಗ್ರಾಮ್‌ನವರು ಇಂಟರ್‌ವ್ಯೂಗೆ ಕರೆಯುತ್ತಾರೆ. ಆಮೇಲೆ ನೀವೂ ಅವರೂ ಇಷ್ಟದ ಕ್ರಮದಲ್ಲಿ ಪಟ್ಟಿ ಕೊಡಬೇಕು. ಎರಡೂ ಪಟ್ಟಿ ಹೊಂದಿಸಿ ಸೀಟು ಕೊಡುವುದಕ್ಕೇ ಮ್ಯಾಚ್ ಅನ್ನುವುದು. ಮಾರ್ಚ್ ತಿಂಗಳ ಮೂರನೇ ಶುಕ್ರವಾರ ಅದರ ಫಲಿತಾಂಶ. 2025ರಲ್ಲಿ ಹೊರದೇಶದಲ್ಲಿ ಓದಿದ, ಅಮೆರಿಕದ ಪೌರರಲ್ಲದ ಅಭ್ಯರ್ಥಿಗಳಲ್ಲಿ ನೂರಕ್ಕೆ ಸುಮಾರು 58 ಮಂದಿಗೆ ಸೀಟು ಸಿಕ್ಕಿತು.

ಡರ್ಮಟಾಲಜಿಗೆ ಇಲ್ಲಿಯ ಕಾಲೇಜುಗಳ ಟಾಪರ್‌ಗಳೇ ಪೈಪೋಟಿ ನಡೆಸುತ್ತಾರೆ. ನಮ್ಮವರು ಅಲ್ಲಿಗೆ ಹೋಗಬೇಕಾದರೆ ವರ್ಷಗಟ್ಟಲೆ ರಿಸರ್ಚ್ ಮಾಡಬೇಕು, ಆಮೇಲೂ ಖಾತ್ರಿ ಇಲ್ಲ. ಬರೀ ಟೈಮಿಂಗ್ ಚೆನ್ನಾಗಿದೆ ಅಂತ ಅದರ ಹಿಂದೆ ಬೀಳಬೇಡಿ.

ಸೈಕಿಯಾಟ್ರಿ ನಾಲ್ಕು ವರ್ಷ, ನೆಮ್ಮದಿಯ ಕೆಲಸ. ಆದರೆ ಈಗ ಇಲ್ಲಿಯ ವಿದ್ಯಾರ್ಥಿಗಳಿಗೂ ಅದೇ ಬೇಕು, ಹಾಗಾಗಿ ನಮಗೆ ಮೊದಲಿಗಿಂತ ಕಷ್ಟ. ನ್ಯೂರಾಲಜಿಗೆ ಅವಕಾಶ ಇದೆ, ಆದರೆ ಸ್ಟ್ರೋಕ್ ಕಾಲ್ ಬಂದರೆ ಮಧ್ಯರಾತ್ರಿಯೂ ಏಳಬೇಕು. ಪೆಥಾಲಜಿಯನ್ನು ನಮ್ಮವರು ಸುಮ್ನೆ ಬಿಟ್ಟುಬಿಡುತ್ತಾರೆ ಅನ್ನೋದು ನನ್ನ ಬೇಸರ. ಹೊರದೇಶದವರನ್ನು ತೆಗೆದುಕೊಳ್ಳುವ ಪ್ರೋಗ್ರಾಮ್‌ಗಳು ಸಾಕಷ್ಟಿವೆ, ರಾತ್ರಿ ಕೆಲಸ ಕಡಿಮೆ. ಒಂದೇ ಮಾತು: ಸ್ಲೈಡ್ ನೋಡುವುದು ನಿಜವಾಗಿ ಇಷ್ಟವಿರಬೇಕು. ಪೆಥಾಲಜಿ ವಿಭಾಗದಲ್ಲೇ ಅಬ್ಸರ್ವರ್‌ಶಿಪ್ (ಜೊತೆಗಿದ್ದು ಕೆಲಸ ನೋಡುವುದು) ಮಾಡಿ ಅಲ್ಲಿಯವರಿಂದಲೇ ಶಿಫಾರಸು ಪತ್ರ ತರದಿದ್ದರೆ, ಬೇರೇನೂ ಸಿಗದೆ ಬಂದವರು ಅಂತ ಇಂಟರ್‌ವ್ಯೂನಲ್ಲಿ ಗೊತ್ತಾಗಿಬಿಡುತ್ತದೆ.

ಬಹಳಷ್ಟು ಜನಕ್ಕೆ ನಾನು ಹೇಳುವುದು ಇಂಟರ್ನಲ್ ಮೆಡಿಸಿನ್. ನಮ್ಮವರಿಗೆ ಅತಿ ಹೆಚ್ಚು ಸೀಟು ಸಿಗುವುದು ಅಲ್ಲೇ. ಆ ಮೂರು ವರ್ಷ ಸುಲಭವಲ್ಲ. ವಾರಕ್ಕೆ 80 ಗಂಟೆಯ ಮಿತಿ ಇದೆ, ಅದನ್ನೂ ನಾಲ್ಕು ವಾರದ ಸರಾಸರಿಯಲ್ಲಿ ಲೆಕ್ಕ ಹಾಕುತ್ತಾರೆ. ಆದರೆ ಮುಂದಿನ ದಾರಿ ನಿಮ್ಮ ಕೈಯಲ್ಲಿರುತ್ತದೆ. ಹಾಸ್ಪಿಟಲಿಸ್ಟ್ (ಆಸ್ಪತ್ರೆಯಲ್ಲಿ ದಾಖಲಾದವರನ್ನು ನೋಡಿಕೊಳ್ಳುವ ವೈದ್ಯ) ಆದರೆ ಸಾಮಾನ್ಯವಾಗಿ ಏಳು ದಿನ ಸತತ ಕೆಲಸ, ಏಳು ದಿನ ರಜೆ. ಕ್ಲಿನಿಕ್ ಕೆಲಸ ಬೇಕೆಂದರೆ ಎರಡು ವರ್ಷದ ಎಂಡೋಕ್ರೈನಾಲಜಿ, ರುಮಟಾಲಜಿ ಅಥವಾ ಅಲರ್ಜಿ ಫೆಲೋಶಿಪ್ (ರೆಸಿಡೆನ್ಸಿ ನಂತರದ ತರಬೇತಿ) ಇದೆ. ಎಂಡೋಕ್ರೈನಾಲಜಿಯಲ್ಲಿ ಸಂಬಳ ಹಾಸ್ಪಿಟಲಿಸ್ಟ್‌ಗಿಂತ ಕಮ್ಮಿ ಇರಬಹುದು, ಅದನ್ನು ಮನೆಯಲ್ಲಿ ಮಾತಾಡಿಯೇ ತೀರ್ಮಾನಿಸಿ. ಕಾರ್ಡಿಯಾಲಜಿ, ಗ್ಯಾಸ್ಟ್ರೋ ಎರಡಕ್ಕೂ ಪೈಪೋಟಿ ಜಾಸ್ತಿ.

ವೀಸಾ ವಿಷಯವನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಸಾಮಾನ್ಯವಾಗಿ ಸಿಗುವುದು ಜೆ-1. ಅದರಲ್ಲಿ ತರಬೇತಿ ಮುಗಿದ ಮೇಲೆ ಎರಡು ವರ್ಷ ಭಾರತಕ್ಕೆ ಹೋಗಿರಬೇಕು, ಇಲ್ಲದಿದ್ದರೆ ವೇವರ್, ಅಂದರೆ ಆ ಷರತ್ತಿನಿಂದ ವಿನಾಯಿತಿ, ಪಡೆಯಬೇಕು. ಕಾನ್‌ರಾಡ್ ಯೋಜನೆಯಲ್ಲಿ ಪ್ರತಿ ರಾಜ್ಯಕ್ಕೂ ವರ್ಷಕ್ಕೆ 30 ವೇವರ್. ವೈದ್ಯರ ಕೊರತೆ ಇರುವ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡಬೇಕು. ಅದು ಎಷ್ಟೋ ಸಲ ಸಣ್ಣ ಊರು, ಕನ್ನಡ ಸಂಘ ದೂರದ ಮಾತು, ಗಂಡ ಅಥವಾ ಹೆಂಡತಿಗೆ ಕೆಲಸ ಸಿಗುವುದೂ ಕಷ್ಟ. ಇಂಟರ್ನಲ್ ಮೆಡಿಸಿನ್, ಫ್ಯಾಮಿಲಿ ಮೆಡಿಸಿನ್, ಸೈಕಿಯಾಟ್ರಿಯವರಿಗೆ ಇಂಥ ಕೆಲಸ ಬೇಗ ಸಿಗುತ್ತದೆ. ಎಚ್-1ಬಿ ಉದ್ಯೋಗ ವೀಸಾ ಬೇಕಾದರೆ ಇಲ್ಲಿಯ ವೈದ್ಯ ಲೈಸೆನ್ಸ್ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಸ್ಟೆಪ್ 3 ಮೊದಲೇ ಪಾಸಾಗಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಿಂದ ಬರುವವರ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದ್ದಾರೆ, ಹಾಗಾಗಿ ಅದನ್ನೇ ನಂಬಿ ಕೂರಬೇಡಿ.

ಅದೇ ಪರೀಕ್ಷೆಯ ಸ್ಟೆಪ್ 1 ಈಗ ಬರೀ ಪಾಸ್-ಫೇಲ್, 2022ರಿಂದ. ತೂಕ ಇರುವುದು ಸ್ಟೆಪ್ 2 ಸಿಕೆ (ಕ್ಲಿನಿಕಲ್ ನಾಲೆಡ್ಜ್) ಅಂಕಕ್ಕೆ. ಹೌಸ್ ಸರ್ಜನ್ಸಿ ಮುಗಿದು ವರ್ಷ ಕಳೆದಷ್ಟೂ ಅವಕಾಶ ಕಡಿಮೆ ಆಗುತ್ತದೆ.

ಇಂಟರ್‌ವ್ಯೂಗೆ ಕರೆ ಬಂದಾಗ ಅಲ್ಲಿಯ ರೆಸಿಡೆಂಟ್‌ಗಳನ್ನು ನೇರವಾಗಿ ಕೇಳಿ. ರಾತ್ರಿ ಪಾಳಿ ಎಷ್ಟು ವಾರ? ನಾಲ್ಕು ವಾರ ವಾರ್ಡ್, ಒಂದು ವಾರ ಕ್ಲಿನಿಕ್ ಅನ್ನುವ 4+1 ಪದ್ಧತಿ ಇದೆಯಾ? ಹೋದ ವರ್ಷ ಮುಗಿಸಿದವರಲ್ಲಿ ಜೆ-1 ಇದ್ದವರು ಈಗ ಎಲ್ಲಿದ್ದಾರೆ? ಮೂರನೆಯದಕ್ಕೆ ಉತ್ತರ ಗೊತ್ತಿಲ್ಲದ ಪ್ರೋಗ್ರಾಮ್ ಅನ್ನು ನಿಮ್ಮ ಪಟ್ಟಿಯಲ್ಲಿ ಸ್ವಲ್ಪ ಕೆಳಗೆ ಇಡಿ.